ಗಸಗಸೆ ಕಾಳಿನಷ್ಟು ಮಿದುಳು

ಪರೀಕ್ಷೆಯ ಕಾಲ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮನೆಗಳಲ್ಲಿ ರಾತ್ರಿ ಹನ್ನೆರಡಾದರೂ ದೀಪ ಆರುವುದಿಲ್ಲ. ವರ್ಷವಿಡೀ ಮುಚ್ಚಿಟ್ಟಿದ್ದ ಪುಸ್ತಕಗಳು ಒಟ್ಟಿಗೇ ತೆರೆದುಕೊಳ್ಳುತ್ತವೆ. ಅಮ್ಮ ಬಾದಾಮಿ ನೆನೆಹಾಕುತ್ತಾಳೆ. ಅಜ್ಜಿ ಒಂದೆಲಗದ ಚಟ್ನಿ ಅರೆಯುತ್ತಾಳೆ. ಅಪ್ಪ ಪಕ್ಕದ ಮನೆಯ ಹುಡುಗನ ಅಂಕಗಳನ್ನು ನೆನಪಿಸುತ್ತಾನೆ. ಇಷ್ಟಾಗಿಯೂ ರಾತ್ರಿ ಗಡಗಡನೆ ಒಪ್ಪಿಸಿದ ಪಾಠ ಬೆಳಿಗ್ಗೆ ಪ್ರಶ್ನೆಪತ್ರಿಕೆಯ ಮುಂದೆ ಕುಳಿತಾಗ ಮಾಯವಾಗಿರುತ್ತದೆ. ಆಗ ಮಗುವಿನ ಕಿವಿಗೆ ಬೀಳುವ ಮಾತು ಸಾಮಾನ್ಯವಾಗಿ ಒಂದೇ: ‘ನಿನ್ನ ತಲೆಯಲ್ಲಿ ಏನು ತುಂಬಿದೆಯೋ!’

ಬೈಗುಳವೆಂದು ಆಡಿದ ಮಾತಾದರೂ ಪ್ರಶ್ನೆ ಒಳ್ಳೆಯದೇ. ತಲೆಯಲ್ಲಿ ನಿಜವಾಗಿ ಏನಿದೆ? ಓದಿದ್ದು ಅಲ್ಲಿ ಎಲ್ಲಿ ಕೂರುತ್ತದೆ, ಹೇಗೆ ಕೂರುತ್ತದೆ? ಕೆಲವು ಪಾಠ ಏಕೆ ಉಳಿಯುತ್ತದೆ, ಕೆಲವು ಏಕೆ ಜಾರಿಹೋಗುತ್ತದೆ? ಸೋಜಿಗವೆಂದರೆ ಈ ಪ್ರಶ್ನೆಗಳಿಗೆ ವಿಜ್ಞಾನಿಗಳು ಕಂಡುಕೊಂಡಿರುವ ಉತ್ತರಗಳಲ್ಲಿ ಹಲವು ಅದೇ ಮನೆಯ ಅಡುಗೆಕೋಣೆಯಲ್ಲಿ, ಬಾಳೆಹಣ್ಣಿನ ಬುಟ್ಟಿಯ ಮೇಲೆ ಹಾರಾಡುವ ಪುಟ್ಟ ನೊಣದಿಂದ ಬಂದಿವೆ.

ಈ ನೊಣವನ್ನು ಕಾಣದವರಿಲ್ಲ. ತೂಬಗೆರೆಯ ಹಲಸು ಬಿರಿದರೆ ಅದು ಹಾಜರು. ದ್ರಾಕ್ಷಿಯ ಗೊಂಚಲಿನಲ್ಲಿ ನಾಲ್ಕು ಹಣ್ಣು ಕೊಳೆತರೆ ಅಲ್ಲೂ ಹಾಜರು. ಉದ್ದ ಸುಮಾರು ಮೂರು ಮಿಲಿಮೀಟರ್, ಕೆಂಪು ಕಣ್ಣು, ಕಂದು ಮೈ. ಆಯುಸ್ಸು ಹೆಚ್ಚೆಂದರೆ ಎರಡು ಮೂರು ತಿಂಗಳು. ಹಣ್ಣುನೊಣವೆಂದು ಕರೆಯಲಾಗುವ ಇದರ ಶಾಸ್ತ್ರೀಯ ಹೆಸರು ಡ್ರಾಸಾಫಿಲ. ಅದರ ಮಿದುಳು ಗಸಗಸೆ ಕಾಳಿನಷ್ಟು. ಆ ಕಾಳಿನೊಳಗೆ ಸುಮಾರು 1 ಲಕ್ಷದ 39 ಸಾವಿರ ನರಕೋಶಗಳಿವೆ. ಮನುಷ್ಯನ ಮಿದುಳಿನಲ್ಲಿರುವುದು ಸುಮಾರು 8,600 ಕೋಟಿ. ಹೋಲಿಸಿದರೆ ನೊಣದ್ದು ಏನೂ ಅಲ್ಲ. ಆದರೂ ನೊಣ ಕಲಿಯುತ್ತದೆ, ನೆನಪಿಡುತ್ತದೆ, ಮರೆಯುತ್ತದೆ.

ಕಲಿಯುತ್ತದೆಂದು ಗೊತ್ತಾದದ್ದು ಹೇಗೆ? 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೀಮೋರ್ ಬೆಂಜರ್ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ವಿಲಿಯಂ ಕ್ವಿನ್ ಮತ್ತು ವಿಲಿಯಂ ಹ್ಯಾರಿಸ್ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಗಾಜಿನ ನಳಿಕೆಗಳಲ್ಲಿ ನೊಣಗಳಿಗೆ ಎರಡು ಬಗೆಯ ವಾಸನೆ ತೋರಿಸಿದರು. ಒಂದು ವಾಸನೆ ಬಂದಾಗ ಲಘುವಾದ ವಿದ್ಯುತ್ ಆಘಾತ. ಇನ್ನೊಂದು ಬಂದಾಗ ಏನೂ ಇಲ್ಲ. ಆಮೇಲೆ ಆಘಾತವಿಲ್ಲದೆ ಎರಡೂ ವಾಸನೆಗಳನ್ನು ಮುಂದಿಟ್ಟರು. ಪೆಟ್ಟು ತಿಂದಿದ್ದ ವಾಸನೆಯತ್ತ ಹೋಗಲು ಹೆಚ್ಚಿನ ನೊಣಗಳು ಹಿಂಜರಿದವು. ಬಿಸಿ ಹಂಚು ಮುಟ್ಟಿದ ಮಗು ಮರುದಿನ ಒಲೆಯಿಂದ ದೂರ ನಿಲ್ಲುವ ಹಾಗೆ.

ಹಾಗಾದರೆ ಆ ಪಾಠ ನೊಣದ ತಲೆಯಲ್ಲಿ ಎಲ್ಲಿ ಬರೆದಿದೆ? ಇದನ್ನು ತಿಳಿಯಬೇಕಾದರೆ ನರಕೋಶಗಳು ಪರಸ್ಪರ ಮಾತನಾಡುವ ರೀತಿ ಗೊತ್ತಿರಬೇಕು. ಒಂದು ನರಕೋಶಕ್ಕೆ ಬೇರಿನಂತೆ, ಕೊಂಬೆಯಂತೆ ಎಳೆಗಳಿರುತ್ತವೆ. ಒಂದರ ಎಳೆ ಇನ್ನೊಂದರ ಎಳೆಯ ಸಮೀಪಕ್ಕೆ ಬರುವ ಜಾಗವೇ ನರಸಂಧಿ. ಅಲ್ಲಿ ಎರಡಕ್ಕೂ ನಡುವೆ ಅತಿ ಸಣ್ಣ ಸಂದು ಇರುತ್ತದೆ. ಈಚೆಯ ಕೋಶ ರಾಸಾಯನಿಕವೊಂದನ್ನು ಚೆಲ್ಲುತ್ತದೆ, ಆಚೆಯ ಕೋಶ ಅದನ್ನು ಹಿಡಿಯುತ್ತದೆ. ಹೆಚ್ಚು ಚೆಲ್ಲಿದರೆ ಸಂಧಿ ಬಲವಾದದ್ದು, ಕಡಿಮೆ ಚೆಲ್ಲಿದರೆ ದುರ್ಬಲವಾದದ್ದು. ಕಲಿಕೆಯೆಂದರೆ ಬಹುಮಟ್ಟಿಗೆ ಈ ಸಂಧಿಗಳ ಬಲಾಬಲ ಬದಲಾಗುವುದು. ನೆನಪೆಂದರೆ ಆ ಬದಲಾವಣೆ ಉಳಿದುಕೊಳ್ಳುವುದು.

ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಬೆಳೆದ ಮಕ್ಕಳಿಗೆ ಮುಂದಿನ ಸಂಗತಿ ಬೇಗ ಅರ್ಥವಾದೀತು. ಜಕಾರ್ಡ್ ಮಗ್ಗದಲ್ಲಿ ಹಾಸಿನ ನೂಲುಗಳು ಸಾವಿರಾರು ಇರುತ್ತವೆ. ಆದರೆ ಒಂದೊಂದು ಸಲಕ್ಕೂ ಕಾರ್ಡಿನ ತೂತುಗಳು ಹೇಳಿದಷ್ಟೇ ನೂಲುಗಳು ಮೇಲೇಳುತ್ತವೆ. ನೂಲು ಅವೇ, ಮೇಲೆದ್ದ ಗುಂಪು ಬೇರೆಯಾದರೆ ಮಾವಿನಕಾಯಿ ಹೋಗಿ ನವಿಲು ಮೂಡುತ್ತದೆ. ನೊಣದ ಮಿದುಳಿನಲ್ಲೂ ಅಂಥ ಏರ್ಪಾಡಿದೆ. ಎಡಬಲಕ್ಕೆ ಒಂದೊಂದರಂತೆ ಅಣಬೆಯ ಆಕಾರದ ಎರಡು ಭಾಗಗಳಿವೆ. ಇಂಥ ಭಾಗವನ್ನು ಜೇನ್ನೊಣದ ಮಿದುಳಿನಲ್ಲಿ ಮೊದಲು ಕಂಡು ವರ್ಣಿಸಿದವನು ಫ್ರಾನ್ಸಿನ ಫೆಲಿಕ್ಸ್ ದುಜಾರ್ದಿನ್, 1850ರಲ್ಲಿ. ನೊಣದ ಒಂದೊಂದು ಅಣಬೆಯಲ್ಲೂ ಸುಮಾರು 2 ಸಾವಿರ ನರಕೋಶಗಳಿವೆ. ಒಂದು ವಾಸನೆ ಬಂದಾಗ ಅವುಗಳಲ್ಲಿ ನೂರಕ್ಕೆ ಐದೋ ಹತ್ತೋ ಮಾತ್ರ ಎದ್ದೇಳುತ್ತವೆ, ಉಳಿದವು ಸುಮ್ಮನಿರುತ್ತವೆ. ಮಾಗಿದ ಬಾಳೆಗೆ ಒಂದು ಗುಂಪು, ಹುಳಿಬಂದ ದ್ರಾಕ್ಷಿಗೆ ಇನ್ನೊಂದು ಗುಂಪು. ಹೀಗೆ ಗುಂಪುಗಳು ಬೇರೆ ಬೇರೆಯಾಗಿರುವುದರಿಂದಲೇ ಒಂದು ವಾಸನೆಯ ಪಾಠ ಇನ್ನೊಂದರ ಪಾಠದೊಡನೆ ಕಲಸಿಹೋಗುವುದಿಲ್ಲ.

ಈ ಗುಂಪುಗಳು ಮುಂದೆ ಕೆಲವೇ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಆ ಕೋಶಗಳಲ್ಲಿ ಕೆಲವು ‘ಹತ್ತಿರ ಹೋಗು’ ಎನ್ನುವಂಥವು, ಕೆಲವು ‘ದೂರ ಸರಿ’ ಎನ್ನುವಂಥವು. ಪೆಟ್ಟು ಬಿದ್ದ ಕ್ಷಣದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಅಣಬೆಯ ನಿರ್ದಿಷ್ಟ ಭಾಗಕ್ಕೆ ಸುರಿಯುತ್ತದೆ. ಆಗ ಏನಾಗುತ್ತದೆ? ಎದ್ದಿದ್ದ ಗುಂಪಿಗೂ ‘ಹತ್ತಿರ ಹೋಗು’ ಎನ್ನುವ ಕೋಶಕ್ಕೂ ನಡುವಿನ ಸಂಧಿಗಳು ಸೊರಗುತ್ತವೆ. ಸೆಳೆಯುವ ದನಿ ತಗ್ಗಿದ್ದರಿಂದ ದೂರ ತಳ್ಳುವ ದನಿಯದೇ ಮೇಲುಗೈಯಾಗಿ ನೊಣ ಹಿಂದೆ ಸರಿಯುತ್ತದೆ. ಕಲಿಯುವುದೆಂದರೆ ಕೊಡಕ್ಕೆ ನೀರು ತುಂಬಿದಂತೆ ತಲೆಗೆ ಏನನ್ನೋ ತುಂಬುವುದೆಂದು ಭಾವಿಸಿದವರು ಇದನ್ನು ಗಮನಿಸಬೇಕು. ಇಲ್ಲಿ ಹೊಸದಾಗಿ ತುಂಬಿದ್ದೇನೂ ಇಲ್ಲ. ಮೊದಲೇ ಇದ್ದ ದಾರಿಗಳಲ್ಲಿ ಒಂದು ಕಿರಿದಾಯಿತು, ಅಷ್ಟೇ. ಪಾಠ ಮುಗಿಯಿತು.

ಈ ಕಥೆಯಲ್ಲಿ ಬೆಂಗಳೂರಿಗೂ ಪಾತ್ರವಿದೆ. ದೇವನಹಳ್ಳಿಯಿಂದ ಬಳ್ಳಾರಿ ರಸ್ತೆ ಹಿಡಿದು ಬಸ್ಸಿನಲ್ಲಿ ಬರುವವರಿಗೆ ಯಲಹಂಕ ದಾಟಿದ ಮೇಲೆ, ಹೆಬ್ಬಾಳ ಸೇರುವ ಮೊದಲು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಸಿಗುತ್ತದೆ. ಕೃಷಿಮೇಳಕ್ಕೆಂದು ಅಲ್ಲಿಗೆ ಹೋಗದ ರೈತ ಈ ಸೀಮೆಯಲ್ಲಿ ಅಪರೂಪ. ಅದೇ ಆವರಣದಲ್ಲಿ ನ್ಯಾಷನಲ್ ಸೆಂಟರ್ ಫಾರ್ ಬಯಲಾಜಿಕಲ್ ಸೈನ್ಸಸ್ ಎಂಬ ಸಂಸ್ಥೆಯಿದೆ. ಅದನ್ನು ಕಟ್ಟಿದವರು ಒಬೈದ್ ಸಿದ್ದಿಖಿ. 1970ರ ದಶಕದ ಆರಂಭದಲ್ಲಿ ಬೆಂಜರ್ ಜೊತೆ ದುಡಿದು, ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಗೆ ಮರಳಿದ ಅವರು ಹಣ್ಣುನೊಣದ ವಾಸನೆ ಮತ್ತು ರುಚಿಯ ಬೆನ್ನು ಹತ್ತಿದರು. ಅವರ ವಿದ್ಯಾರ್ಥಿನಿ ವೆರೋನಿಕಾ ರಾಡ್ರಿಗ್ಸ್ ವಾಸನೆಯನ್ನು ಸರಿಯಾಗಿ ಗ್ರಹಿಸಲಾರದ ನೊಣಗಳನ್ನು ಹುಡುಕಿ ತೆಗೆದರು. ಆ ಕೆಲಸ 1978ರಲ್ಲಿ ಪ್ರಕಟವಾಯಿತು. ಮುಂದೆ ಇಬ್ಬರೂ ಬೆಂಗಳೂರಿನವರೇ ಆದರು. ರಾಡ್ರಿಗ್ಸ್ 2010ರಲ್ಲಿ, ಸಿದ್ದಿಖಿ 2013ರಲ್ಲಿ ತೀರಿಕೊಂಡರು. ವಯಸ್ಸಾದ ಮೇಲೂ ಸಿದ್ದಿಖಿಯವರು ನೊಣದ ನೆನಪಿನ ಬಗ್ಗೆ ಕೆಲಸ ಬಿಟ್ಟಿರಲಿಲ್ಲ.

ರಾಡ್ರಿಗ್ಸ್ ಪಾಲುಗೊಂಡಿದ್ದ, 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆಯನ್ನು ವಿಜಯಪುರದ ರೇಷ್ಮೆ ನೂಲು ಬಿಚ್ಚುವ ಬೀದಿಯಲ್ಲಿ ನಿಂತು ಅರ್ಥ ಮಾಡಿಕೊಳ್ಳಬಹುದು. ಗೂಡು ಬೇಯುವ ವಾಸನೆಗೆ ಹೊಸಬರು ಮೂಗು ಮುಚ್ಚುತ್ತಾರೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಅದರ ಅರಿವೇ ಇರುವುದಿಲ್ಲ. ನೊಣಕ್ಕೂ ಹೀಗೆಯೇ. ಒಂದೇ ವಾಸನೆಯಲ್ಲಿ ನಾಲ್ಕು ದಿನ ಇಟ್ಟರೆ ಅದು ಆ ವಾಸನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆಯಾಗುತ್ತದೆ. ಮೂಗು ಕೆಟ್ಟು ಹೀಗಾಯಿತೇ? ಅಲ್ಲ. ಬೇರೆ ವಾಸನೆಗಳಿಗೆ ಅದು ಮೊದಲಿನಂತೆಯೇ ಸ್ಪಂದಿಸುತ್ತದೆ. ಮಿದುಳಿನಲ್ಲಿ ವಾಸನೆಯ ಸುದ್ದಿ ಮೊದಲು ತಲಪುವ ಕಟ್ಟೆಯಲ್ಲಿ ‘ಸಾಕು, ಸುಮ್ಮನಿರು’ ಎಂದು ತಡೆಯುವ ನರಕೋಶಗಳಿವೆ. ಆ ಒಂದು ವಾಸನೆಯ ಮಟ್ಟಿಗೆ ಅವುಗಳ ಸಂಧಿಗಳು ಬಲಗೊಂಡಿರುತ್ತವೆ. ಅಂದರೆ ಗಮನಿಸದಿರುವುದೂ ಕಲಿತ ವಿದ್ಯೆಯೇ. ಸದಾ ಗದರುವ ಮನೆಯಲ್ಲಿ ಮಕ್ಕಳಿಗೆ ಗದರಿಕೆ ಕೇಳಿಸದಂತಾಗುವುದನ್ನು ಕಂಡ ತಂದೆತಾಯಂದಿರಿಗೆ ಇದರಲ್ಲಿ ಹೊಸದೇನೂ ಇರಲಾರದು.

ನೊಣ ಬಿಟ್ಟು ಜೇನಿನ ಕಡೆ ತಿರುಗಿದರೆ ವಿಷಯ ಇನ್ನಷ್ಟು ಸ್ವಾರಸ್ಯವಾಗುತ್ತದೆ. ಜೇನ್ನೊಣದ ಮಿದುಳಿನಲ್ಲಿ ಸುಮಾರು 10 ಲಕ್ಷ ನರಕೋಶಗಳಿವೆ. ಅವುಗಳಲ್ಲಿ ಮೂರನೇ ಒಂದರಷ್ಟು ಅಣಬೆಗಳಲ್ಲೇ ಇವೆ. ಜೇನಿಗೆ ಬಣ್ಣ ಕಲಿಸಬಹುದೆಂದು ಕಾರ್ಲ್ ಫಾನ್ ಫ್ರಿಶ್ 1914ರಲ್ಲೇ ತೋರಿಸಿದ್ದ. ಮುಂದೆ ಜೇನಿನ ಕುಣಿತದ ಭಾಷೆಯನ್ನು ಬಿಡಿಸಿದ ಅವನಿಗೆ 1973ರಲ್ಲಿ ನೊಬೆಲ್ ಬಹುಮಾನ ಬಂತು. ಜಿಕೆವಿಕೆಯ ಮರಗಿಡಗಳ ನಡುವೆ ಇಂದು ಹೆಜ್ಜೇನು, ತುಡುವೆ, ಕೋಲುಜೇನು ಮೂರೂ ಸಂಶೋಧಕರಿಗೆ ಹತ್ತಿರದಲ್ಲೇ ಸಿಗುತ್ತವೆ.

ಕೆಲಸಗಾತಿ ಜೇನು ಮೊದಲು ಕೆಲವು ದಿನ ಗೂಡಿನೊಳಗೆ ಮರಿಗಳ ಆರೈಕೆಯಲ್ಲಿರುತ್ತದೆ. ಸುಮಾರು ಮೂರು ವಾರದ ಪ್ರಾಯಕ್ಕೆ ಹೊರಗಿನ ದುಡಿಮೆಗೆ ಇಳಿಯುತ್ತದೆ. ಆಗ ಅದು ಸೂರ್ಯನ ದಿಕ್ಕು, ಹೊಂಗೆಮರದ ಗುರುತು, ಹೂವಿನ ಬಣ್ಣ, ಹೂ ಬಿರಿಯುವ ಹೊತ್ತು ಎಲ್ಲವನ್ನೂ ಕಲಿಯಬೇಕು. ಇಂಥ ದುಡಿಯುವ ಜೇನುಗಳ ಅಣಬೆಗಳಲ್ಲಿ ಎಳೆಗಳು ಹೆಣೆದುಕೊಂಡಿರುವ ಭಾಗ, ಆಗತಾನೆ ಹುಟ್ಟಿದ ಜೇನಿನದಕ್ಕಿಂತ ದೊಡ್ಡದಾಗಿರುವುದನ್ನು ಅಮೆರಿಕದ ವಿಜ್ಞಾನಿಗಳು 1993ರಲ್ಲಿ ಕಂಡರು. ಹೊಸ ನರಕೋಶ ಹುಟ್ಟಿ ಹೀಗಾದದ್ದಲ್ಲ. ಇದ್ದ ಕೋಶಗಳ ಎಳೆಗಳೇ ಕವಲೊಡೆದು ಹಬ್ಬಿದ್ದವು. ಪ್ರಾಯದ ಜೊತೆಗೇ ಸ್ವಲ್ಪ ಬೆಳವಣಿಗೆ ತಾನಾಗಿ ಆಗುತ್ತದೆ ನಿಜ. ಆದರೆ ಹೊರಗಿನ ಅನುಭವ ಅದಕ್ಕೆ ಇನ್ನಷ್ಟು ಕೂಡಿಸುತ್ತದೆ. ಹುಟ್ಟಿನಿಂದ ಬಂದದ್ದೆಷ್ಟು, ಕಲಿತು ಬಂದದ್ದೆಷ್ಟು ಎಂಬ ಹಳೆಯ ಜಗಳಕ್ಕೆ ಜೇನಿನ ಉತ್ತರ: ಎರಡೂ.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. 1994ರಲ್ಲಿ ಟಿಮ್ ಟಲ್ಲಿ ಮತ್ತು ಸಂಗಡಿಗರು ನೊಣಗಳಿಗೆ ಹಳೆಯ ವಾಸನೆಯ ಪಾಠವನ್ನೇ ಹತ್ತು ಸಲ ಕಲಿಸಿದರು. ಒಂದು ತಂಡಕ್ಕೆ ಹತ್ತು ಪಾಠವನ್ನೂ ಬಿಡುವಿಲ್ಲದೆ ಒಂದರ ಮೇಲೊಂದು ಮುಗಿಸಿದರು. ಇನ್ನೊಂದು ತಂಡಕ್ಕೆ ಪ್ರತಿ ಪಾಠದ ನಡುವೆ 15 ನಿಮಿಷ ಬಿಡುವು ಕೊಟ್ಟರು. ಪಾಠ ಅದೇ, ಪೆಟ್ಟು ಅಷ್ಟೇ, ಎಣಿಕೆ ಹತ್ತೇ. ಬಿಡುವಿಲ್ಲದೆ ಕಲಿತ ನೊಣಗಳ ನೆನಪು ಕೆಲವೇ ದಿನಗಳಲ್ಲಿ ಕರಗಿತು. ಬಿಡುವಿನಿಂದ ಕಲಿತವುಗಳಲ್ಲಿ ವಾರ ಕಳೆದರೂ ಉಳಿದಿತ್ತು. ಎರಡು ತಿಂಗಳು ಬದುಕುವ ಪ್ರಾಣಿಗೆ ಒಂದು ವಾರವೆಂದರೆ ಸಣ್ಣ ಕಾಲವಲ್ಲ.

ಬಿಡುವಿನಲ್ಲಿ ನಡೆಯುವುದಾದರೂ ಏನು? ತಾತ್ಕಾಲಿಕ ನೆನಪಿಗೆ ಸಂಧಿಯಲ್ಲಿ ಇರುವ ಸಾಮಗ್ರಿಯನ್ನೇ ಅತ್ತಿತ್ತ ಸರಿಸಿದರೆ ಸಾಕು. ಬಹುಕಾಲದ ನೆನಪಿಗೆ ಅದು ಸಾಲದು. ನರಕೋಶದ ನಡುವಿನ ಜೀನ್‌ಗಳು ಎಚ್ಚರಗೊಂಡು ಹೊಸ ಪ್ರೋಟೀನ್ ತಯಾರಾಗಬೇಕು, ಅದು ಸಂಧಿಯನ್ನು ಸೇರಿ ಅದನ್ನು ಭದ್ರಪಡಿಸಬೇಕು. ಪ್ರೋಟೀನ್ ತಯಾರಿಕೆಗೆ ತಡೆಯೊಡ್ಡುವ ಔಷಧಿ ತಿಂದ ನೊಣಗಳಲ್ಲಿ ಬಿಡುವಿನ ಪಾಠದ ಲಾಭ ಕುಸಿದುಹೋಯಿತು. ಗೋಡೆಗೆ ಮಣ್ಣಿನ ವರಸೆ ಹಾಕುವ ಹಳ್ಳಿಯ ಕುಶಲಕರ್ಮಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ವರಸೆ ಬಲಿತ ಮೇಲೆಯೇ ಅವನು ಮುಂದಿನದನ್ನು ಹಾಕುತ್ತಾನೆ. ಒಂದೇ ದಿನದಲ್ಲಿ ಛಾವಣಿಯವರೆಗೆ ಏರಿಸಿದ ಹಸಿಮಣ್ಣಿನ ಗೋಡೆ ರಾತ್ರಿಯೇ ಕುಳಿತುಬಿಡುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಎದ್ದು ನಿಲ್ಲಿಸಿದ ಪಾಠದ ಗತಿಯೂ ಅದೇ.

ನಿದ್ದೆಯ ಮಾತೂ ಇದೆ. ನೊಣಗಳೂ ನಿದ್ರಿಸುತ್ತವೆಂಬುದು 2000ನೇ ಇಸವಿಯಲ್ಲಿ ಖಚಿತವಾಯಿತು. ನಿದ್ದೆಗೆಡಿಸಿದ ನೊಣಗಳು ಕಲಿಯುವುದರಲ್ಲಿ ಹಿಂದೆ ಬೀಳುತ್ತವೆ. ಪಾಠವಾದ ಮೇಲೆ ಚೆನ್ನಾಗಿ ನಿದ್ರಿಸುವಂತೆ ಮಾಡಿದಾಗ, ಸಾಮಾನ್ಯವಾಗಿ ಉಳಿಯದಷ್ಟು ಚಿಕ್ಕ ಪಾಠವೂ ಉಳಿದದ್ದುಂಟು. ಇನ್ನು ಹಸಿವು. ಬಹುಕಾಲದ ನೆನಪನ್ನು ಕಟ್ಟುವುದಕ್ಕೆ ದೇಹ ಬೆಲೆ ತೆರಬೇಕು. ಹೊಟ್ಟೆಗಿಲ್ಲದ ನೊಣದ ಮಿದುಳು ಪೆಟ್ಟಿನ ಪಾಠದ ಬಹುಕಾಲದ ನೆನಪನ್ನು ಕಟ್ಟುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆಂದು ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದರು. ಮೊದಲು ಜೀವ, ಆಮೇಲೆ ವಿದ್ಯೆ ಎಂಬುದು ಅದರ ಲೆಕ್ಕಾಚಾರ. ಶಾಲೆಯಲ್ಲಿ ಬಿಸಿಯೂಟ ಏಕೆ ಬೇಕೆಂದು ಕೇಳುವವರು ಈ ನೊಣವನ್ನು ನೋಡಬೇಕು.

ಇನ್ನು ‘ದಡ್ಡ’ ಎಂಬ ಮಾತು. 1976ರಲ್ಲಿ ಬೆಂಜರ್ ಗುಂಪಿಗೆ ವಾಸನೆಯ ಪಾಠವನ್ನು ಕಲಿಯಲಾರದ ನೊಣದ ತಳಿಯೊಂದು ಸಿಕ್ಕಿತು. ಅದಕ್ಕೆ ಅವರಿಟ್ಟ ಹೆಸರು ಡನ್ಸ್. ಹಾಗೆಂದರೆ ಇಂಗ್ಲಿಷಿನಲ್ಲಿ ದಡ್ಡ ಎಂದರ್ಥ. ಆದರೆ ಪರೀಕ್ಷಿಸಿ ನೋಡಿದರೆ ಅದರ ಮೂಗು ಸರಿಯಾಗಿತ್ತು. ಪೆಟ್ಟಿನ ನೋವೂ ಅದಕ್ಕೆ ತಿಳಿಯುತ್ತಿತ್ತು. ಹಾಗಾದರೆ ಕೊರತೆ ಎಲ್ಲಿ? 1981ರ ಹೊತ್ತಿಗೆ ಉತ್ತರ ಸಿಕ್ಕಿತು. ನರಕೋಶಗಳೊಳಗೆ ಸುದ್ದಿ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣುವಿದೆ. ಕೆಲಸವಾದ ಮೇಲೆ ಅದನ್ನು ಒಡೆದು ಹಾಕುವ ಕಿಣ್ವ ಡನ್ಸ್ ನೊಣದಲ್ಲಿ ಸರಿಯಿರಲಿಲ್ಲ. ಹಾಗಾಗಿ ಆ ಅಣು ಮಿತಿಮೀರಿ ಶೇಖರವಾಗುತ್ತಿತ್ತು. ಆಮೇಲೆ ಇನ್ನೊಂದು ತಳಿ ಸಿಕ್ಕಿತು. ಅದಕ್ಕೆ ಒಂದು ಗೆಡ್ಡೆಯ ಹೆಸರಿಟ್ಟು ರುಟಬೇಗ ಎಂದರು. ಅದರಲ್ಲಿ ತೊಂದರೆ ತಿರುಗುಮುರುಗು: ಅದೇ ಅಣುವನ್ನು ತಯಾರಿಸುವ ಕಿಣ್ವದಲ್ಲೇ ದೋಷ. ಒಂದರಲ್ಲಿ ಅತಿಯಾಯಿತು, ಇನ್ನೊಂದರಲ್ಲಿ ಸಾಲದಾಯಿತು. ಹೊರಗಿನಿಂದ ನೋಡಿದವರಿಗೆ ಎರಡೂ ದಡ್ಡ ನೊಣಗಳೇ. ಒಳಹೊಕ್ಕು ನೋಡಿದವರಿಗೆ ಮಾತ್ರ ಎರಡರ ಕಷ್ಟ ಬೇರೆ ಬೇರೆ ಎಂದು ಗೊತ್ತಾಯಿತು.

ತರಗತಿಯ ಕೊನೆಯ ಬೆಂಚಿನಲ್ಲೂ ಹೀಗೆಯೇ. ಉತ್ತರ ಹೇಳದ ಇಬ್ಬರು ಹುಡುಗರು ಒಂದೇ ಕಾರಣಕ್ಕೆ ಹೇಳದಿರುವುದಿಲ್ಲ. ಒಬ್ಬನಿಗೆ ಬೋರ್ಡು ಸರಿಯಾಗಿ ಕಾಣದಿರಬಹುದು. ಇನ್ನೊಬ್ಬ ಬೆಳಗಿನ ಜಾವ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು ಬಂದಿರಬಹುದು. ಮತ್ತೊಬ್ಬಳಿಗೆ ಕಾರಣವೇನೆಂದು ಯಾರೂ ಕೇಳಿರಲಿಕ್ಕಿಲ್ಲ. ಹೆಸರಿಡುವುದು ಸುಲಭ, ಕಾರಣ ಹುಡುಕುವುದು ಕಷ್ಟ. ಡನ್ಸ್ ನೊಣದ ಕಾರಣ ಹುಡುಕಲು ಐದು ವರ್ಷ ಹಿಡಿಯಿತು. ಒಂದು ಮಗುವಿನ ಕಾರಣ ತಿಳಿಯಲು ಕೆಲವೊಮ್ಮೆ ಐದು ನಿಮಿಷ ಪಕ್ಕದಲ್ಲಿ ಕೂತರೆ ಸಾಕಾಗುತ್ತದೆ.

ನೊಣಕ್ಕೂ ಮಗುವಿಗೂ ಹೋಲಿಕೆಯೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವೇ. ನೊಣ ಕವಿತೆ ಓದುವುದಿಲ್ಲ, ಲೆಕ್ಕ ಬಿಡಿಸುವುದಿಲ್ಲ, ನಾಳಿನ ಪರೀಕ್ಷೆಯ ಹೆದರಿಕೆಯೂ ಅದಕ್ಕಿಲ್ಲ. ಅದರ ಮಿದುಳಿನ ಅಣಬೆಯನ್ನು ಹಾಗೆಯೇ ಮನುಷ್ಯನ ತಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದರೆ ಸಂಧಿಗಳ ಬಲ ಬದಲಾಗುವುದು, ಸೈಕ್ಲಿಕ್ ಎಎಂಪಿಯ ಓಡಾಟ, ಉಳಿಯುವ ನೆನಪಿಗೆ ಹೊಸ ಪ್ರೋಟೀನ್ ಬೇಕಾಗುವುದು, ಬಿಡುವಿನ ಮತ್ತು ನಿದ್ದೆಯ ಲಾಭ, ಇವು ನೊಣದಲ್ಲೂ ಇಲಿಯಲ್ಲೂ ಕಂಡಿವೆ. ಬಿಡುವು ಕೊಟ್ಟು ಓದಿದ್ದು ಹೆಚ್ಚು ಕಾಲ ಉಳಿಯುವುದೆಂದು ಮನುಷ್ಯರಲ್ಲಿ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ಬರೆದಿದ್ದ. ಅದರ ಒಳಗುಟ್ಟು ಬಿಡಿಸಲು ನೊಣವೂ ನೆರವಾಯಿತು.

ಆದ್ದರಿಂದ ವಿದ್ಯಾರ್ಥಿಗಳು ಮಾಡಬಹುದಾದದ್ದು ಬಹಳ ಸರಳ. ಇವತ್ತು ಕೇಳಿದ ಪಾಠವನ್ನು ಇವತ್ತು ಸಂಜೆ ಒಮ್ಮೆ, ನಾಡಿದ್ದು ಒಮ್ಮೆ, ಮುಂದಿನ ವಾರ ಒಮ್ಮೆ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು. ಒಂದೊಂದು ಸಲಕ್ಕೆ ಹತ್ತು ನಿಮಿಷ ಸಾಕು. ಪರೀಕ್ಷೆಯ ಹಿಂದಿನ ರಾತ್ರಿ ಮಲಗುವುದು. ತಂದೆತಾಯಂದಿರು ಮಾಡಬಹುದಾದದ್ದು ಇನ್ನೂ ಸರಳ: ಹೊತ್ತಿಗೆ ಊಟ, ಹೊತ್ತಿಗೆ ದೀಪ ಆರಿಸುವುದು, ಪಕ್ಕದ ಮನೆಯವನ ಅಂಕಗಳನ್ನು ಮರೆಯುವುದು.

2024ರ ಅಕ್ಟೋಬರಿನಲ್ಲಿ ಒಂದು ಹೆಣ್ಣು ಹಣ್ಣುನೊಣದ ಇಡೀ ಮಿದುಳಿನ ನಕ್ಷೆ ಪ್ರಕಟವಾಯಿತು. ಆ ಗಸಗಸೆ ಕಾಳನ್ನು ಸುಮಾರು 7 ಸಾವಿರ ತೆಳುಪದರಗಳಾಗಿ ಕೊಯ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಹಲವು ದೇಶಗಳ ಜನ ಕಂಪ್ಯೂಟರ್ ನೆರವಿನಿಂದ ಒಂದೊಂದು ಎಳೆಯನ್ನೂ ಹಿಂಬಾಲಿಸಿದರು. ಸಿಕ್ಕ ನರಸಂಧಿಗಳು 5 ಕೋಟಿಗೂ ಹೆಚ್ಚು. ಯಾವುದು ಯಾವುದಕ್ಕೆ ಸೇರಿದೆ ಎಂಬುದೆಲ್ಲ ಆ ನಕ್ಷೆಯಲ್ಲಿದೆ. ಆದರೆ ಆ ನೊಣ ಬದುಕಿದ್ದಾಗ ಯಾವ ಹಣ್ಣಿನ ವಾಸನೆಗೆ ಸೋತಿತ್ತು, ಯಾವುದಕ್ಕೆ ಹೆದರಿತ್ತು ಎಂದು ಕೇಳಿದರೆ ನಕ್ಷೆ ನೋಡಿ ಹೇಳುವವರು ಇನ್ನೂ ಇಲ್ಲ. ಐದು ಕೋಟಿ ಸಂಧಿಯ ಒಂದು ನೊಣದ ವಿಷಯದಲ್ಲೇ ತಜ್ಞರು ಇಷ್ಟು ಎಚ್ಚರ ವಹಿಸುತ್ತಾರೆ. ಮೂರು ಗಂಟೆಯ ಒಂದು ಪ್ರಶ್ನೆಪತ್ರಿಕೆ ನೋಡಿ ಮಗುವಿನ ತಲೆಯಲ್ಲಿ ಏನಿದೆ, ಏನಿಲ್ಲ ಎಂದು ತೀರ್ಪು ಕೊಡುವ ಮೊದಲು ಮನೆಯವರೂ ಶಾಲೆಯವರೂ ಅಷ್ಟೇ ಎಚ್ಚರ ವಹಿಸಿದರೆ ತಪ್ಪೇನಿಲ್ಲ.